ಕೀಮೋ ಮುಗಿದ ಮೇಲೆ ಅಮ್ಮನ ಬೆರಳು ಜೋಮು: ಆಕ್ಯುಪೇಷನಲ್ ಥೆರಪಿಯಿಂದ ಉಪಯೋಗ ಇದೆಯಾ?

ಹಾಸನದ ಮಗಳು:
ಅಮ್ಮನಿಗೆ 57 ವರ್ಷ. ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಯಿತು, ಕಂಕುಳಿನ ಗಂಟುಗಳನ್ನೂ ತೆಗೆದರು. ಪ್ಯಾಕ್ಲಿಟ್ಯಾಕ್ಸೆಲ್ ಕೀಮೋ ಮುಗಿದು ಎರಡು ತಿಂಗಳಾಗಿದೆ. ರಿಪೋರ್ಟ್ ಚೆನ್ನಾಗಿ ಬಂತು. ಆದರೆ ಅಮ್ಮ ಮಂಕಾಗಿಬಿಟ್ಟಿದ್ದಾರೆ.

ಬೆರಳ ತುದಿ ಯಾವಾಗಲೂ ಜೋಮು ಹಿಡಿದ ಹಾಗೆ ಇರುತ್ತದಂತೆ. ದಿನಾ ಸಂಜೆ ಹೂ ಕಟ್ಟುತ್ತಿದ್ದವರು ಅವರು. ಮೊನ್ನೆ ಕನಕಾಂಬರ ತಂದುಕೊಟ್ಟೆ. ಬಾಳೆನಾರನ್ನು ಬೆರಳಿಗೆ ಸುತ್ತಿಕೊಂಡರು. ತೊಟ್ಟು ಕೈಗೆ ಸಿಕ್ಕಿತೋ ಇಲ್ಲವೋ ಗೊತ್ತಾಗದೆ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಎರಡು ಹೂ ಕಟ್ಟುವಷ್ಟರಲ್ಲಿ ಐದು ಉದುರಿದವು. ತಟ್ಟೆ ಪಕ್ಕಕ್ಕೆ ಸರಿಸಿ ಎದ್ದು ಹೋದರು.

ಆಸ್ಪತ್ರೆಯಲ್ಲಿ ಹೇಳಿದರೆ ‘ಜೀವ ಉಳಿದಿದೆಯಲ್ಲಾ’ ಅಂದರು. ಬಹಳ ಬೇಜಾರಾಯಿತು. ಒಬ್ಬ ನರ್ಸ್ ಮಾತ್ರ ‘ಓಟಿಯವರಿಗೆ ತೋರಿಸಿ’ ಅಂದರು. ಅಮ್ಮ ಅದನ್ನು ಆಪರೇಷನ್ ಥಿಯೇಟರ್ ಅಂದುಕೊಂಡು, ಮತ್ತೆ ಆಪರೇಷನ್ ಅಂತ ನಡುಗಿಹೋದರು! ನರ್ಸ್ ಹೇಳಿದ್ದು ಆಕ್ಯುಪೇಷನಲ್ ಥೆರಪಿಯಂತೆ. ಇದರಿಂದ ನಿಜವಾಗಿ ಏನಾದರೂ ಆಗುತ್ತದಾ?

ಬೆಂಗಳೂರಿನ ಓಟಿ:
ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಕಾಯಿಲೆಯಾದವರು ದಿನದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ನೆರವಾಗುವವರು. ಕ್ಯಾನ್ಸರ್ ವಾರ್ಡ್‌ನಲ್ಲಿ ಕೆಲಸ. ಓಟಿ ಅಂದ ತಕ್ಷಣ ಹೆದರಿದವರನ್ನು ನಾನೂ ನೋಡಿದ್ದೇನೆ, ಅದಕ್ಕೇ ಈಗ ಪೂರ್ತಿ ಹೆಸರು ಹೇಳುತ್ತೇನೆ.

ಖಂಡಿತ ಉಪಯೋಗ ಇದೆ. ಪ್ಯಾಕ್ಲಿಟ್ಯಾಕ್ಸೆಲ್ ಕೈಕಾಲಿನ ನರಗಳಿಗೆ ಪೆಟ್ಟು ಕೊಡುತ್ತದೆ. ಚೇತರಿಸಲು ತಿಂಗಳುಗಳೇ ಬೇಕು, ಕೆಲವರಿಗೆ ಸ್ವಲ್ಪ ಉಳಿದೂಬಿಡುತ್ತದೆ. ಉರಿ, ನೋವು ಇದ್ದರೆ ಕ್ಯಾನ್ಸರ್ ಡಾಕ್ಟರಿಗೆ ಹೇಳಿ, ಅದಕ್ಕೆ ಔಷಧಿ ಇದೆ.

ನಾವು ಮೊದಲು ಕೇಳುವುದು ‘ನಿಮಗೆ ಯಾವ ಕೆಲಸ ಮಾಡಬೇಕು ಅನ್ನಿಸುತ್ತೆ’ ಅಂತ. ನಿಮ್ಮ ಅಮ್ಮನ ಉತ್ತರ ಆ ತಟ್ಟೆಯಲ್ಲೇ ಇದೆ ಅಲ್ವಾ? ಹೂವಿನಿಂದಲೇ ಶುರು ಮಾಡಿ. ಆದರೆ ಕನಕಾಂಬರ ಎಲ್ಲಕ್ಕಿಂತ ಕಷ್ಟದ್ದು, ಅದು ಕೊನೆಗೆ ಬರಲಿ. ಈಗ ಉದ್ದ ತೊಟ್ಟಿನ ಸೇವಂತಿಗೆ, ದಪ್ಪ ಉಲ್ಲನ್ ದಾರ. ಆಮೇಲೆ ತೆಳು ದಾರ, ಆಮೇಲೆ ಮಲ್ಲಿಗೆ. ಮಲ್ಲಿಗೆಗೆ ಕಪ್ಪು ಬಟ್ಟೆ ಹಾಸಿದರೆ ಬೆರಳು ಹೇಳದ್ದನ್ನು ಕಣ್ಣು ಹೇಳುತ್ತದೆ. ಹತ್ತು ನಿಮಿಷ ಸಾಕು. ಸುಸ್ತಾಗುವ ಮೊದಲೇ ನಿಲ್ಲಿಸಬೇಕು, ಸುಸ್ತಾದ ಮೇಲೆ ಅಲ್ಲ.

ಬಿಸಿ ವಿಷಯದಲ್ಲಿ ಮಾತ್ರ ಬಹಳ ಹುಷಾರು. ಸ್ನಾನದ ನೀರನ್ನು ಬೆರಳಿಂದ ನೋಡಬಾರದು, ಆಪರೇಷನ್ ಆಗದ ಕಡೆಯ ಬಲ ಮೊಣಕೈಯಿಂದ ನೋಡಲಿ. ಕಾಫಿಗೆ ಸ್ಟೀಲ್ ಲೋಟ ಬೇಡ, ಹಿಡಿ ಇರುವ ಕಪ್ ಕೊಡಿ. ಪಾದವೂ ಜೋಮು ಇದ್ದರೆ ಮನೆಯೊಳಗೂ ಚಪ್ಪಲಿ ಹಾಕಲಿ, ರಾತ್ರಿ ಅಂಗಾಲು ನೋಡಿಕೊಳ್ಳಲಿ.

ಮಂಡ್ಯದ ಟೀಚರ್:
ನನಗೂ ಇದೇ ಆಪರೇಷನ್ ಆಗಿತ್ತು. ‘ಆ ಕೈಯಲ್ಲಿ ಬಿಂದಿಗೆ ಇರಲಿ, ಚೊಂಬೂ ಎತ್ತಬೇಡ’ ಅಂತ ಎಲ್ಲರೂ ಹೇಳಿದರು, ಕೈ ಬಾವು ಬರುತ್ತದೆ ಅನ್ನುವ ಭಯಕ್ಕೆ. ಒಂದು ವರ್ಷ ಎತ್ತಲಿಲ್ಲ. ಆಮೇಲೆ ಕೈ ತಲೆಯ ಮೇಲೆ ಹೋಗದೆ ಜಡೆ ಹಾಕಿಕೊಳ್ಳಲು ಆಗಲಿಲ್ಲ. ನನಗೆ ಜಡೆ ವಾಪಸ್ ಕೊಟ್ಟವರು ಥೆರಪಿಯವರೇ. ಇನ್ನೊಂದು, ಸುಸ್ತು. ಬೆಳಗ್ಗೆಯೇ ಕಸ, ಸ್ನಾನ, ತಿಂಡಿ ಎಲ್ಲ ಮುಗಿಸಿ ಮಧ್ಯಾಹ್ನ ಬಿದ್ದುಕೊಳ್ಳುತ್ತಿದ್ದೆ. ಕೆಲಸ ಹಂಚಿಕೊಂಡು, ತರಕಾರಿ ಕೂತು ಹೆಚ್ಚಲು ಶುರು ಮಾಡಿದ ಮೇಲೆ ಸಂಜೆ ವಾಕಿಂಗ್ ಹೋಗುವಷ್ಟು ಶಕ್ತಿ ಉಳಿಯಿತು.

ಬೆಂಗಳೂರಿನ ಓಟಿ:
ಟೀಚರ್ ಹೇಳಿದ್ದು ಮುಖ್ಯ. 2009ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ಕೈ ಬಾವು ಬಂದಿದ್ದ 141 ಮಹಿಳೆಯರ ಅಧ್ಯಯನ ಬಂತು. ಕಲಿಸುವವರ ಜೊತೆ ನಿಧಾನವಾಗಿ ಭಾರ ಎತ್ತಿದವರಿಗೆ ಬಾವು ಜಾಸ್ತಿ ಆಗಲಿಲ್ಲ. ಕೈಗೆ ಶಕ್ತಿ ಬಂತು. ಹಾಗಂತ ಅಮ್ಮ ನಾಳೆಯೇ ಬಿಂದಿಗೆ ಎತ್ತುವುದು ಬೇಡ. ತೋರಿಸಿಕೊಂಡು ಹಂತಹಂತವಾಗಿ ಮಾಡಲಿ. ಎಡಗೈ ಬಳೆ ಇದ್ದಕ್ಕಿದ್ದಂತೆ ಬಿಗಿಯಾದರೆ ಗಮನಿಸಿ, ಬಾವು ಶುರುವಾಗಿರಬಹುದು. ಕೈ ಕೆಂಪಾಗಿ ಜ್ವರ ಬಂದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಹಾಸನದ ಮಗಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಜಡೆಯ ವಿಷಯ ಎರಡು ಸಲ ಓದಿಸಿದರು. ಸೇವಂತಿಗೆ ತಂದಿದ್ದೇನೆ. ಅಮ್ಮ ನೆಲದಲ್ಲೇ ಕೂತು ಕಟ್ಟುತ್ತೇನೆ ಅನ್ನುತ್ತಾರೆ. ಕೂರಬಹುದಾ?

ಬೆಂಗಳೂರಿನ ಓಟಿ:
ಸದ್ಯಕ್ಕೆ ಕುರ್ಚಿ, ಮುಂದೆ ಟೇಬಲ್. ಎಡ ಮೊಣಕೈ ಕೆಳಗೆ ದಿಂಬು ಇಡಿ.