ಸಹಾಯ ಬೇಕು: ಕರುಳಿನ ಕ್ಯಾನ್ಸರ್ ಜೊತೆಗೆ ಮಹಾಪಧಮನಿಯ ಸೋಂಕು

ಎಲ್ಲರಿಗೂ ನಮಸ್ಕಾರ. 71 ವರ್ಷದ ನನ್ನ ತಂದೆಯವರಿಗೆ ಜ್ವರ, ಬೆನ್ನುನೋವು ಬಿಡದಿದ್ದಾಗ ಮಾಡಿಸಿದ ಸಿಟಿ ಸ್ಕ್ಯಾನ್‌ನಲ್ಲಿ ಹೊಟ್ಟೆಯ ಮಹಾಪಧಮನಿಯ (ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ಮುಖ್ಯ ರಕ್ತನಾಳದ) ಗೋಡೆಯಲ್ಲಿ ಅನಿಲದ ಗುಳ್ಳೆಗಳೂ ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆಯೂ ಕಂಡುಬಂದವು. ರಕ್ತದ ಕಲ್ಚರ್‌ನಲ್ಲಿ ಕ್ಲಾಸ್ಟ್ರಿಡಿಯಮ್ ಸೆಪ್ಟಿಕಮ್ ಎಂಬ ಬ್ಯಾಕ್ಟೀರಿಯಾ ಬೆಳೆದಿದೆ. ಆಮ್ಲಜನಕವಿಲ್ಲದೆಡೆ ಬೆಳೆಯುವ ಈ ಜೀವಿಯು, ಗಡ್ಡೆಯಿಂದ ಹುಣ್ಣಾದ ಕರುಳಿನ ಒಳಪದರದ ಮೂಲಕ ರಕ್ತಕ್ಕೆ ನುಸುಳಿ, ಕೊಬ್ಬು ಕಟ್ಟಿದ ರಕ್ತನಾಳದ ಗೋಡೆಯಲ್ಲಿ ನೆಲೆಯೂರಬಲ್ಲದೆಂದೂ, ಆ ಗೋಡೆ ಒಡೆದರೆ ಪ್ರಾಣಕ್ಕೇ ಅಪಾಯವೆಂದೂ ವೈದ್ಯರು ವಿವರಿಸಿದ್ದಾರೆ. ಪೆನಿಸಿಲಿನ್ ಡ್ರಿಪ್ ನಡೆಯುತ್ತಿದೆ. ಸೋಂಕು ತಗುಲಿದ ನಾಳವನ್ನು ತೆಗೆದು ಬದಲಿ ನಾಳ ಜೋಡಿಸುವ ಶಸ್ತ್ರಚಿಕಿತ್ಸೆ ಮೊದಲೋ, ಗಡ್ಡೆಯದು ಮೊದಲೋ ಎಂಬುದೇ ನಮ್ಮನ್ನು ಕಾಡುತ್ತಿರುವ ಪ್ರಶ್ನೆ. ಇಂಥ ಅಪರೂಪದ ರೋಗಿಗೆ ಚಿಕಿತ್ಸೆ ನೀಡಿದ ರಕ್ತನಾಳ ತಜ್ಞರಾಗಲಿ, ಇದನ್ನು ಹಾದುಬಂದ ಕುಟುಂಬದವರಾಗಲಿ ಈ ಗುಂಪಿನಲ್ಲಿದ್ದರೆ ದಯವಿಟ್ಟು ಇಂದೇ ತಿಳಿಸಿ. ಎರಡನೆಯ ಅಭಿಪ್ರಾಯಕ್ಕಾಗಿ ಎಲ್ಲ ವರದಿಗಳನ್ನು ಕಳುಹಿಸಲು ಸಿದ್ಧನಿದ್ದೇನೆ.