ಸಹಾಯ ಬೇಕು: ಅಂಧ ಪ್ರೇಕ್ಷಕರಿಗೆ ಯಕ್ಷಗಾನದ ವಿವರಣೆ (ಚಿಕ್ಕಮಗಳೂರು)

ನಮ್ಮ ಹವ್ಯಾಸಿ ತಂಡ ಮುಂದಿನ ತಿಂಗಳು ಚಿಕ್ಕಮಗಳೂರಿನಲ್ಲಿ ಯಕ್ಷಗಾನ ಆಡುತ್ತಿದೆ. ಕಣ್ಣು ಕಾಣದ ಹಲವರು ಬರುವುದಾಗಿ ಹೇಳಿದ್ದಾರೆ. ಭಾಗವತಿಕೆ (ಹಾಡುಗಾರಿಕೆ), ಅರ್ಥಗಾರಿಕೆ (ಪಾತ್ರಗಳ ಮಾತು) ಅವರಿಗೆ ನೇರವಾಗಿ ದಕ್ಕುತ್ತವೆ. ಆದರೆ ಬಣ್ಣದ ವೇಷ (ರಾಕ್ಷಸ ಪಾತ್ರ) ತೆರೆಯ ಮರೆಯಿಂದ ಇಷ್ಟಿಷ್ಟೇ ಕಾಣಿಸಿಕೊಳ್ಳುವ ಒಡ್ಡೋಲಗ (ಪಾತ್ರದ ಪ್ರವೇಶ), ಧೀಂಗಿಣ (ಸುತ್ತುತ್ತಾ ಹಾರುವ ಕುಣಿತ), ಮಾತಿಲ್ಲದೆ ಸಾಗುವ ಯುದ್ಧ, ಇವೆಲ್ಲ ತಪ್ಪಿಹೋಗುತ್ತವೆ. ಚೆಂಡೆ ಏರುತ್ತಿರುವಾಗ ರಂಗದಲ್ಲಿ ಏನಾಗುತ್ತಿದೆ ಎಂದು ಪಕ್ಕದವರನ್ನು ಕೇಳಬೇಕಾದ ಸ್ಥಿತಿ ಯಾರಿಗೂ ಬರಬಾರದು. ಸಾಂಸ್ಕೃತಿಕ ಬದುಕಿನಲ್ಲಿ ಸಮಾನ ಪಾಲು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ, ಇದು ಉಪಕಾರವಲ್ಲ.

ಇಯರ್‌ಫೋನ್ ಮೂಲಕ ವಿವರಣೆ ಕೊಡಬೇಕೆಂದಿದ್ದೇವೆ. ಪದ್ಯ, ಮಾತುಗಳ ಮೇಲೆ ಬೀಳದೆ ಬಿಡುವಿನಲ್ಲೇ ಅದು ಮುಗಿಯಬೇಕು. ಆಶುಮಾತಿನ ಕಲೆಯಾದ್ದರಿಂದ ಎಲ್ಲವನ್ನೂ ಮೊದಲೇ ಬರೆದಿಟ್ಟು ಓದಲಾಗದು. "ರಾಕ್ಷಸ ಬಲಗಾಲು ಮುಂದಿಟ್ಟ, ಗದೆ ಎತ್ತಿದ" ಎಂಬಷ್ಟು ಚುಟುಕಾಗಿ ಹೇಳಬಲ್ಲ, ಪ್ರಸಂಗ (ಆಡುವ ಕಥೆ) ಬಲ್ಲ ಇಬ್ಬರು ಬೇಕು.

ಪ್ರವಾಸಿ ಮಾರ್ಗದರ್ಶಕರು ಬಳಸುವಂಥ ಟ್ರಾನ್ಸ್‌ಮಿಟರ್, ರಿಸೀವರ್‌ಗಳು ಹಾಸನದಲ್ಲೋ ಮಂಗಳೂರಿನಲ್ಲೋ ಬಾಡಿಗೆಗೆ ಸಿಗುತ್ತವೆಯೇ? ಇಂಟರ್ನೆಟ್ ಕರೆಯಲ್ಲಿ ದನಿ ತಡವಾಗಿ ಬಂದರೆ ಕುಣಿತ ಆಗಲೇ ಮುಂದೆ ಹೋಗಿರುತ್ತದೆ.

ಆಟಕ್ಕೆ ಮೊದಲು ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ಕಿರೀಟ, ಭುಜಕೀರ್ತಿ (ಭುಜದ ಆಭರಣ), ಗೆಜ್ಜೆಗಳನ್ನು ಮುಟ್ಟಿ ನೋಡಲು ಕಲಾವಿದರು ಸಂತೋಷದಿಂದ ಒಪ್ಪಿದ್ದಾರೆ. ಇಂಥದ್ದನ್ನು ಮಾಡಿದ ಅನುಭವವಿದ್ದವರು, ಮುಖ್ಯವಾಗಿ ಅಂಧ ಕಲಾಸಕ್ತರು, ದಯವಿಟ್ಟು ಇಲ್ಲೇ ಉತ್ತರಿಸಿ.