ತಿಳಿ ಬಣ್ಣದ ಲೆದರ್ ಸೀಟು: ಜಿಡ್ಡಿನ ಹೊಳಪು, ಜೀನ್ಸಿನ ನೀಲಿ, ಕೂದಲೆಳೆ ಬಿರುಕು. ಎಲ್ಲಿಂದ ಶುರು ಮಾಡಬೇಕು?

ಬೀಜ್_ಸೀಟು:

ಕಾರಿನ ಸೀಟುಗಳು ತಿಳಿ ಬೀಜ್ ಬಣ್ಣದ ಲೆದರ್. ನಡುಭಾಗದಲ್ಲಿ ಸಣ್ಣ ತೂತುಗಳಿವೆ, ಒಳಗೆ ಗಾಳಿಯ ಫ್ಯಾನ್ ಇದೆ. ಡ್ರೈವರ್ ಸೀಟಿನಲ್ಲಿ ಬಾಗಿಲ ಕಡೆಯ ಬದಿಯುಬ್ಬು ಮಾಸಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದೆ. ಅಲ್ಲೇ ಜೀನ್ಸಿನ ನೀಲಿ ಹತ್ತಿದೆ, ಹತ್ತಿರದಿಂದ ನೋಡಿದರೆ ಸಣ್ಣ ಗೆರೆಗಳೂ ಕಾಣುತ್ತವೆ.

ಮೊದಲು ಕ್ಲೀನರ್ ಬಳಸಬೇಕೋ, ಚರ್ಮ ಮೆತ್ತಗಿಡಲು ಹಚ್ಚುವ ಕಂಡೀಷನರೋ? ಮನೆಯಲ್ಲಿರುವ ಶಾಂಪೂ ನಡೆಯುತ್ತದೆಯೇ? ತೂತುಗಳಿರುವ ಕಡೆ ನೀರು ಒಳಗಿಳಿಯದಂತೆ ಹೇಗೆ ತೊಳೆಯುವುದು? ಕಂಡೀಷನರ್ ಹಾಕಿದರೆ ಗೆರೆಗಳು ಮುಚ್ಚಿಕೊಳ್ಳುತ್ತವೆಯೇ? ತೆಂಗಿನೆಣ್ಣೆ, ಆಲಿವ್ ಎಣ್ಣೆ ಸವರಿದರೆ ಸಾಕು ಎನ್ನುವವರೂ ಇದ್ದಾರೆ.

ಹೊಲಿಗೆಯಂತ್ರ:

ಬಾಟಲಿಗೆ ಕೈ ಹಾಕುವ ಮುಂಚೆ ಸೀಟಿನ ಮೇಲೆ ಇರುವುದು ಏನು ಅಂತ ಖಚಿತ ಮಾಡಿಕೊಳ್ಳಿ. ಕಣ್ಣಿಗೆ ಬೀಳದ ಒಂದು ಜಾಗದಲ್ಲಿ, ಉದಾಹರಣೆಗೆ ಹೆಡ್‌ರೆಸ್ಟ್ ಕೆಳಗೆ, ಒಂದು ಹನಿ ನೀರು ಬಿಟ್ಟು ಒಂದು ನಿಮಿಷ ನೋಡಿ. ಹನಿ ಗುಂಡಗೆ ನಿಂತರೆ ಅದು ಕೋಟಿಂಗ್ ಇರುವ ಲೆದರ್. ನೀರು ಇಂಗಿ ಆ ಜಾಗ ಕಪ್ಪಗಾದರೆ ಕೋಟಿಂಗ್ ಇಲ್ಲದ ಅನಿಲಿನ್ ಲೆದರ್. ಅದರ ಲೆಕ್ಕವೇ ಬೇರೆ, ಕೆಳಗೆ ಹೇಳುವ ಯಾವುದನ್ನೂ ಅದಕ್ಕೆ ಹಚ್ಚಬೇಡಿ. ಸ್ವೀಡ್, ಅಲ್ಕಾಂಟಾರಾಕ್ಕೂ ಇದು ಅನ್ವಯಿಸುವುದಿಲ್ಲ. ಅಲ್ಕಾಂಟಾರಾ ಚರ್ಮವೇ ಅಲ್ಲ, ಪಾಲಿಯೆಸ್ಟರ್ ಮತ್ತು ಪಾಲಿಯುರೆಥೇನಿನಿಂದ ಮಾಡಿದ ಬಟ್ಟೆ.

ಈಗಿನ ಕಾರುಗಳ ಲೆದರ್ ಬಹುಪಾಲು ಕೋಟಿಂಗ್ ಇರುವಂಥದ್ದೇ. ಚರ್ಮದ ಮೇಲೆ ಬಣ್ಣದ ಪದರ, ಅದರ ಮೇಲೆ ಪಾರದರ್ಶಕ ಪಾಲಿಯುರೆಥೇನ್ ಪದರ. ನಿಮ್ಮ ಕೈಗೆ ತಗಲುವುದು ಈ ಕೊನೆಯ ಪದರ, ಚರ್ಮವಲ್ಲ. ಸೀಟಿನ ಹಿಂಬದಿ ಮತ್ತು ಪಕ್ಕದ ಭಾಗಗಳು ಎಷ್ಟೋ ಕಾರುಗಳಲ್ಲಿ ಬರೀ ರೆಕ್ಸಿನ್. ಅವಕ್ಕೆ ಕಂಡೀಷನರ್ ಸುರಿದು ಉಪಯೋಗವಿಲ್ಲ.

ಇನ್ನು ಹೊಳಪು. ಹೊಸ ಸೀಟು ಮಂಕಾಗಿ, ಮ್ಯಾಟ್ ಆಗಿ ಇರುತ್ತದೆ. ಹೊಳೆಯುತ್ತಿದೆ ಅಂದರೆ ಅದು ಬೆವರು, ಮೈಯ ಜಿಡ್ಡು, ಧೂಳು ಸೇರಿ ಕೂತ ಪೊರೆ. ಜಿಡ್ಡು ಬಹಳ ಕಾಲ ಅಲ್ಲೇ ಉಳಿದರೆ ಮೇಲಿನ ಪದರ ಮೆತ್ತಗಾಗುತ್ತದೆ. ಹತ್ತಿ ಇಳಿಯುವಾಗೆಲ್ಲ ಅದೇ ಜಾಗ ಮಡಚುತ್ತದೆ, ಉಜ್ಜುತ್ತದೆ. ಎಲ್ಲ ಸೀಟು ಬಿಟ್ಟು ಡ್ರೈವರ್ ಬದಿಯುಬ್ಬೇ ಮೊದಲು ಬಿರಿಯುವುದು ಇದಕ್ಕೆ. ಆದ್ದರಿಂದ ಮೊದಲು ಕ್ಲೀನರ್. ಕೊಳೆಯ ಮೇಲೆ ಕಂಡೀಷನರ್ ಹಾಕಿದರೆ ಕೊಳೆಗೇ ಎಣ್ಣೆ ತಿನ್ನಿಸಿದ ಹಾಗೆ.

ನೊರೆ_ಬಕೆಟ್:

ಮೇಲಿನವರು ಹೇಳಿದ್ದು ಸರಿ. ತೊಳೆಯುವ ಕ್ರಮ ಹೀಗಿರಲಿ.

ಬಿಸಿಲಲ್ಲಿ ನಿಂತ ಕಾರಿನಲ್ಲಿ ಕೆಲಸ ಮಾಡಬೇಡಿ. ಬಿಸಿ ಸೀಟಿನ ಮೇಲೆ ಕ್ಲೀನರ್ ಕೂಡಲೇ ಒಣಗಿ ಕಲೆ ಬಿಡುತ್ತದೆ. ನೆರಳಿಗೆ ತಂದು ಬಾಗಿಲು ತೆರೆದಿಡಿ. ಸೀಟಿನ ಫ್ಯಾನ್, ಹೀಟರ್ ಎರಡೂ ಆಫ್ ಇರಲಿ. ಫ್ಯಾನ್ ತಿರುಗುತ್ತಿದ್ದರೆ ಕೆಲವು ಸೀಟುಗಳಲ್ಲಿ ತೇವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ವ್ಯಾಕ್ಯೂಮನ್ನು ಮೆತ್ತನೆಯ ಬ್ರಷ್ ಹಾಕಿಯೇ ಹಿಡಿಯಿರಿ. ಹೊಲಿಗೆಯ ಸಾಲು, ಕೂರುವ ಭಾಗಕ್ಕೂ ಬೆನ್ನಿಗೂ ನಡುವಿನ ಸಂದಿ ಬಿಡಬೇಡಿ. ಮರಳು ಉಳಿದರೆ ಮುಂದೆ ಬ್ರಷ್ ಆಡಿಸುವಾಗ ಅದೇ ಉಪ್ಪುಕಾಗದವಾಗುತ್ತದೆ.

ಕ್ಲೀನರ್ ಲೆದರ್‌ಗೆಂದೇ ಮಾಡಿದ್ದು, ಪಿಎಚ್ ತಟಸ್ಥ ಅಥವಾ ತುಸು ಆಮ್ಲೀಯ ಇರಬೇಕು. ಚರ್ಮ ಸ್ವಭಾವತಃ ಆಮ್ಲೀಯ, ಪಿಎಚ್ 4-5ರ ಆಸುಪಾಸು. ಬಟ್ಟೆ ಸೋಪು 9-10 ಇರುತ್ತದೆ, ಎಲ್ಲದಕ್ಕೂ ಬಳಸುವ, ಜಿಡ್ಡು ತೆಗೆಯುವ ಡಿಗ್ರೀಸರ್‌ಗಳು ಇನ್ನೂ ಮೇಲೆ. ಗಟ್ಟಿ ಕೋಟಿಂಗ್ ಮೇಲೆ ಒಮ್ಮೆ ಹಚ್ಚಿದರೆ ಏನೂ ಆದಂತೆ ಕಾಣುವುದಿಲ್ಲ, ಆದರೆ ಬಿರುಕು ಮತ್ತು ಹೊಲಿಗೆಯ ತೂತಿನಲ್ಲಿ ಅದು ನೇರ ಚರ್ಮಕ್ಕೆ ತಗಲುತ್ತದೆ. ಶಾಂಪೂ ಕೇಳಿದ್ದೀರಿ: 1 ಲೀಟರ್ ನೀರಿಗೆ 1 ಟೀ ಚಮಚ ಮಕ್ಕಳ ಶಾಂಪೂ, ಧೂಳು ಒರೆಸುವಷ್ಟಕ್ಕೆ ಸಾಕು. ಕೂತ ಜಿಡ್ಡನ್ನು ಅದು ಎತ್ತುವುದಿಲ್ಲ. ಕಂಡೀಷನರ್ ಬೆರೆತ ಶಾಂಪೂ ಬೇಡ, ಪೊರೆ ಬಿಡುತ್ತದೆ.

ಕ್ಲೀನರನ್ನು ಸೀಟಿನ ಮೇಲೆ ಸಿಂಪಡಿಸಬೇಡಿ, ಬ್ರಷ್ ಮೇಲೆ ಹಾಕಿ. ಕುದುರೆ ಕೂದಲಿನ ಮೆತ್ತನೆಯ ಬ್ರಷ್ ಇದ್ದರೆ ಒಳ್ಳೆಯದು. ಗಟ್ಟಿ ನೈಲಾನ್ ಕೋಟಿಂಗನ್ನೇ ತಿನ್ನುತ್ತದೆ. ಕ್ಲೀನರ್ ಬಾಟಲಿಯನ್ನು ಎರಡು ಮೂರು ಸಲ ಒತ್ತಿದರೆ 30 ಸೆಂ.ಮೀ. ಅಗಲದ ಒಂದು ತುಂಡಿಗೆ ಸಾಕು. ಭಾರ ಹಾಕದೆ ಸುತ್ತುಸುತ್ತಾಗಿ ಆಡಿಸಿ, ನೊರೆ ಕಂದು ಬಣ್ಣಕ್ಕೆ ತಿರುಗುತ್ತಲೇ ಒಣಗಲು ಬಿಡದೆ ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಎತ್ತಿ. ಒರೆಸಿ ದೂಡಿದರೆ ಕೊಳೆ ಪಕ್ಕಕ್ಕೆ ಸರಿಯುತ್ತದೆ ಅಷ್ಟೇ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಪ್ರತಿ ತುಂಡಿಗೆ ಹೊಸ ಮಗ್ಗುಲು. ಬದಿಯುಬ್ಬಿಗೆ ಎರಡು ಮೂರು ಸುತ್ತು ಬೇಕಾಗಬಹುದು. ಬಟ್ಟೆ ಬೆಳ್ಳಗೆ ಬರುವ ತನಕ ಮಾಡಿ, ಆದರೆ ಒಂದೇ ಸುತ್ತಿನಲ್ಲಿ ಮುಗಿಸುವ ಹಟ ಬೇಡ.

ತೂತುಗಳಿರುವ ಭಾಗಕ್ಕೆ ನೊರೆಯನ್ನು ಬಟ್ಟೆಗೆ ತೆಗೆದುಕೊಂಡು ಒರೆಸಿ. ಹೆಚ್ಚು ತೇವವಾದರೆ ಕೆಳಗಿನ ಸ್ಪಂಜು ಹೀರಿಕೊಂಡು ವಾಸನೆ ಬರುತ್ತದೆ. ಪಕ್ಕದ ಸೀಟಿನಲ್ಲಿ ಯಾರಾದರೂ ಕೂತಿದ್ದಾರೋ ಎಂದು ನೋಡುವ ಸೆನ್ಸರ್ ಕೂಡ ಅಲ್ಲೇ ಒಳಗಿರುತ್ತದೆ. ತೂತಿನಲ್ಲಿ ಬಿಳಿ ಚುಕ್ಕೆ ಕೂತಿದ್ದರೆ ಅದು ಹಳೆಯ ಕ್ರೀಮ್. ಒಣಗಿದ ಮೇಲೆ ಮರದ ಟೂತ್‌ಪಿಕ್‌ನಿಂದ ತೆಗೆಯಬಹುದು. ಉಗಿ ಯಂತ್ರ ಬೇಡ. ಒದ್ದೆ ಚರ್ಮಕ್ಕೆ ಬಿಸಿ ತಗಲಿದರೆ ಸುಕ್ಕುಗಟ್ಟುತ್ತದೆ, ಅದು ಮತ್ತೆ ಸರಿಹೋಗುವುದಿಲ್ಲ.

ಒಂದೆರಡು ಗಂಟೆ ಒಣಗಲಿ. ಆಮೇಲೆ ಕಂಡೀಷನರ್, ಮೂರು ತಿಂಗಳಿಗೊಮ್ಮೆ.

ಪದರ_ಪದರ:

ಕೊನೆಯ ಸಾಲು ಬಿಟ್ಟು ಉಳಿದದ್ದಕ್ಕೆಲ್ಲ ನನ್ನ ಒಪ್ಪಿಗೆ. ಪಾಲಿಯುರೆಥೇನ್ ಪದರದ ಮೂಲಕ ಕಂಡೀಷನರ್ ಒಳಗಿಳಿಯುವುದೇ ಅತ್ಯಲ್ಪ. ಬಾಟಲಿಯ ಮೇಲೆ 'ಚರ್ಮಕ್ಕೆ ಪೋಷಣೆ' ಅಂತ ಬರೆದಿರುವುದು ಅನಿಲಿನ್ ಲೆದರ್‌ಗೆ ಅರ್ಥವುಳ್ಳ ಮಾತು, ಈ ಸೀಟಿಗೆ ಅಷ್ಟಾಗಿ ಅಲ್ಲ. ಹೆಚ್ಚಾದದ್ದು ಮೇಲೇ ಉಳಿದು ಅಂಟುತ್ತದೆ, ಧೂಳು ಹಿಡಿಯುತ್ತದೆ, ತಿಂಗಳೊಳಗೆ ಮತ್ತದೇ ಹೊಳಪು.

ಇಂಥ ಸೀಟಿಗೆ ಬೇಕಿರುವುದು ಕೋಟಿಂಗ್ ಮೇಲಿನ ರಕ್ಷಣೆ. ನೀರು ಆಧಾರಿತ ಲೆದರ್ ಪ್ರೊಟೆಕ್ಟೆಂಟ್, ಯುವಿ ತಡೆ ಇರುವಂಥದ್ದು. ಉಜ್ಜಾಟ ಅದರ ಪಾಲಿಗೆ ಬೀಳುತ್ತದೆ, ಜೀನ್ಸಿನ ಬಣ್ಣವೂ ಕೋಟಿಂಗಿಗೆ ಇಳಿಯುವ ಮುಂಚೆ ಅಲ್ಲೇ ನಿಲ್ಲುತ್ತದೆ. ಕಂಡೀಷನರ್ ಹಾಕಲೇಬೇಕು ಅನ್ನಿಸಿದರೆ ಒಂದು ಸೀಟಿನ ಕೂರುವ ಭಾಗಕ್ಕೆ ಅರ್ಧ ಟೀ ಚಮಚ ಸಾಕು. ಬಟ್ಟೆಗೆ ಹಚ್ಚಿಕೊಂಡು ಸವರಿ, 10-15 ನಿಮಿಷ ಬಿಟ್ಟು, ಒಣ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಿರಿ. ತೂತುಗಳಿರುವ ಕಡೆ ಬಾಟಲಿಯಿಂದ ನೇರ ಹಾಕಲೇಬೇಡಿ.

ಅಡುಗೆ ಎಣ್ಣೆಗಳು ಕಮಟುತ್ತವೆ, ಅಂಟುತ್ತವೆ. ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ಪಾಲಿಶ್ ಸೀಟನ್ನು ಜಾರುವಂತೆ ಮಾಡುತ್ತದೆ. ಮುಂದೆ ಆ ಸೀಟಿಗೆ ಬಣ್ಣ ಹಾಕಬೇಕಾಗಿ ಬಂದರೆ ಬಣ್ಣ ಹಿಡಿಯದೆ ಕಣ್ಣುಕಣ್ಣಾಗಿ ಬಿಟ್ಟುಕೊಳ್ಳುತ್ತದೆ.

ನೊರೆ_ಬಕೆಟ್:

ಸರಿ, ಕೋಟಿಂಗ್ ಗಟ್ಟಿಯಿರುವ ಸೀಟಿಗೆ ನಿಮ್ಮ ಮಾತು ಒಪ್ಪುತ್ತೇನೆ. ತೆಳು ಕೋಟಿಂಗಿನ ಸೆಮಿ-ಅನಿಲಿನ್ ಸೀಟುಗಳಿಗೆ ಮಾತ್ರ ಕಂಡೀಷನರ್ ಬಿಡಬೇಡಿ ಎನ್ನುತ್ತೇನೆ.

ಬೀಜ್_ಸೀಟು:

ನೀರಿನ ಹನಿ ಗುಂಡಗೆ ನಿಂತಿತು. ತೊಳೆದ ಮೇಲೆ ಬದಿಯುಬ್ಬಿನ ಹೊಳಪು ಹೋಗಿ ಮಂಕಾಗಿದೆ. ನೀಲಿ ಮಾತ್ರ ಅರ್ಧಕ್ಕರ್ಧ ಉಳಿದಿದೆ, ಗೆರೆಗಳು ಮುಂಚಿಗಿಂತ ಸ್ಪಷ್ಟ. ನೀಲಿಗೆ ಸ್ಪಿರಿಟ್ ಹಚ್ಚಬಹುದೇ? ಬಿಳಿ ಮೆಲಮೈನ್ ಸ್ಪಂಜು ಹೇಗೆ?

ಹೊಲಿಗೆಯಂತ್ರ:

ಸ್ಪಿರಿಟ್ ಕೋಟಿಂಗನ್ನು ಕರಗಿಸುತ್ತದೆ, ನೇಲ್ ಪಾಲಿಶ್ ರಿಮೂವರ್ ಇನ್ನೂ ಬೇಗ. ಮೆಲಮೈನ್ ಸ್ಪಂಜು ಕಲೆ ತೆಗೆದಂತೆ ಕಾಣುತ್ತದೆ, ನಿಜಕ್ಕೂ ಅದು ತುಂಬಾ ನಯವಾದ ಉಪ್ಪುಕಾಗದ, ಕಲೆಯ ಜೊತೆ ಮೇಲಿನ ಪದರವನ್ನೂ ಸವೆಸುತ್ತದೆ. ಮೊದಲು ಅದೇ ಕ್ಲೀನರನ್ನು ಎರಡು ಮೂರು ನಿಮಿಷ ನೊರೆಯಾಗಿ ನಿಲ್ಲಿಸಿ, ಒಣಗಲು ಬಿಡದೆ ಬ್ರಷ್ ಆಡಿಸಿ. ಹಾಗೆ ಮೂರ್ನಾಲ್ಕು ಸುತ್ತಿಗೂ ಬಟ್ಟೆಗೆ ನೀಲಿ ಬಾರದಿದ್ದರೆ ನಿಲ್ಲಿಸಿ. ಉಳಿದ ನೀಲಿ ಕೋಟಿಂಗಿನೊಳಗೆ ಇಳಿದಿದೆ, ಅದನ್ನು ಮೇಲೆ ಬಣ್ಣ ಹಚ್ಚಿಯೇ ಮುಚ್ಚಬೇಕು. ಹೇಗೂ ಗೆರೆಗಳಿಗೂ ಅದೇ ಬೇಕು. ಬಿರಿದ ಪದರವನ್ನು ಯಾವ ಕ್ರೀಮೂ ಕೂಡಿಸುವುದಿಲ್ಲ.

ಗೆರೆ ಕೂದಲೆಳೆಯಷ್ಟೇ ಇದ್ದರೆ ಮನೆಯಲ್ಲೇ ಆಗುತ್ತದೆ. ನಾರು ಕಾಣುವಷ್ಟು ಬಾಯ್ಬಿಟ್ಟಿದ್ದರೆ ಒಳಗಿನಿಂದ ಬಟ್ಟೆಯ ತೇಪೆ ಬೇಕು ಅಥವಾ ಆ ತುಂಡನ್ನೇ ಬದಲಿಸಬೇಕು. ಮನೆಯಲ್ಲೇ ಮಾಡುವುದಾದರೆ, ಮೇಲೆ ಬೇಡ ಎಂದ ಸ್ಪಿರಿಟ್ ಬೇಕಾಗುವುದು ಮೊದಲ ಹೆಜ್ಜೆಯಲ್ಲಿ: ಬಣ್ಣ ಹಚ್ಚುವ ಜಾಗವನ್ನಷ್ಟೇ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒಂದು ಸಲ ಒರೆಸಿ ಜಿಡ್ಡು ತೆಗೆಯಿರಿ. 600 ನಂಬರಿನ ಉಪ್ಪುಕಾಗದದಿಂದ ಬೆರಳ ತುದಿಯ ಭಾರದಲ್ಲಿ ಉಜ್ಜಿ, ಪುಡಿ ಒರೆಸಿ. ಬಿರುಕು ತುಂಬಲು ಬಾಗುವ ಗುಣದ ಲೆದರ್ ಫಿಲ್ಲರನ್ನು ಪ್ಲಾಸ್ಟಿಕ್ ಕಾರ್ಡಿನಿಂದ ತೆಳ್ಳಗೆ ಎಳೆಯಿರಿ, ಒಂದು ಪದರ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು. ದಪ್ಪಗೆ ಒಂದೇ ಸಲ ತುಂಬಿದರೆ ಒಳಗೆ ಒಣಗದೆ, ಮೊದಲ ಸಲ ಕೂತಾಗಲೇ ಎದ್ದು ಬರುತ್ತದೆ. ಗೋಡೆಗೆ, ಮರಕ್ಕೆ ಹಾಕುವ ಪುಟ್ಟಿ ಬಾಗುವುದಿಲ್ಲ, ಬೇಡ.

ಫಿಲ್ಲರ್ ಸಮನಾದ ಮೇಲೆ ನೀರು ಆಧಾರಿತ ಲೆದರ್ ಬಣ್ಣವನ್ನು ಸ್ಪಂಜಿನಿಂದ ತಟ್ಟಿ ತಟ್ಟಿ ಹಚ್ಚಿ, ತೆಳುವಾಗಿ ಮೂರ್ನಾಲ್ಕು ಪದರ. ಬಣ್ಣ ಹೊಂದಿದೆಯೇ ಎಂಬುದನ್ನು ಮರೆಯ ಜಾಗದಲ್ಲಿ ಹಚ್ಚಿ, ಒಣಗಿದ ಮೇಲೆಯೇ ತೀರ್ಮಾನಿಸಿ. ಹಸಿ ಬಣ್ಣ ನಂಬಬೇಡಿ. ಬೀಜ್‌ನಲ್ಲಿ ಇದೇ ಕಷ್ಟದ ಭಾಗ, ಕಪ್ಪು ಸೀಟಿನವರಿಗೆ ಈ ತಲೆನೋವಿಲ್ಲ. ಕೊನೆಗೆ ಮ್ಯಾಟ್ ಟಾಪ್‌ಕೋಟ್ ಎರಡು ಪದರ. ಟಾಪ್‌ಕೋಟ್ ಇಲ್ಲದೆ ಬಿಟ್ಟರೆ ಬಣ್ಣ ನಿಮ್ಮ ಬಟ್ಟೆಗೆ ಹತ್ತುತ್ತದೆ.

ಒಂದು ಎಚ್ಚರಿಕೆ: ಬಾಗಿಲ ಕಡೆ ಬೆನ್ನಿನ ಉಬ್ಬಿನೊಳಗೆ ಸೈಡ್ ಏರ್‌ಬ್ಯಾಗ್ ಇದ್ದರೆ ಅಲ್ಲಿ ಚಿಕ್ಕದೊಂದು ಏರ್‌ಬ್ಯಾಗ್ ಗುರುತು ಹೊಲಿದಿರುತ್ತಾರೆ. ಆ ಹೊಲಿಗೆ ಹರಿಯಲೆಂದೇ ಮಾಡಿದ್ದು. ಅದರ ಮೇಲೆ ಫಿಲ್ಲರ್, ಅಂಟು ಹಾಕಬೇಡಿ, ಬಿಚ್ಚಿದ್ದರೂ ಸಾಮಾನ್ಯ ದಾರದಿಂದ ಮತ್ತೆ ಹೊಲಿಸಬೇಡಿ.

ಪದರ_ಪದರ:

ಬಣ್ಣ ಹಾಕಿದ ಮೇಲೆ 24 ಗಂಟೆ ಕೂರಬೇಡಿ, ಒಂದು ವಾರ ಕ್ಲೀನರ್ ತಾಗಿಸಬೇಡಿ. ಪ್ರೊಟೆಕ್ಟೆಂಟ್ ಆ ವಾರ ಕಳೆದ ಮೇಲೆ. ಆಮೇಲೆ ಎರಡು ವಾರಕ್ಕೊಮ್ಮೆ ಬರೀ ಹಿಂಡಿದ ಬಟ್ಟೆಯಿಂದ ಡ್ರೈವರ್ ಸೀಟು ಒರೆಸುತ್ತಿದ್ದರೆ ಬ್ರಷ್ ಹಿಡಿಯುವ ಕೆಲಸ ಮೂರು ನಾಲ್ಕು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಹಿಂದಿನ ಸೀಟಿಗೆ ಅದೂ ಬೇಕಾಗುವುದಿಲ್ಲ.